ಮಾವನ ಚೆಂಡೆ, ಮಗಳ ಕೊರಿಯಾ

ಉಡುಪಿ ಹತ್ತಿರದ ಕಲ್ಯಾಣಪುರದಿಂದ ಓದುಗರೊಬ್ಬರು ಬರೆದಿದ್ದಾರೆ: "ರಾತ್ರಿಯಾದರೆ ನಮ್ಮ ಮನೆಯಲ್ಲಿ ಐದು ಜನ, ಐದು ಮೊಬೈಲು. ಮಾವ ಚಾವಡಿಯಲ್ಲಿ ಯಕ್ಷಗಾನ ಹಾಕಿ ಕೂರುತ್ತಾರೆ, ಅದೂ ಪೂರ್ತಿ ಸೌಂಡಿನಲ್ಲಿ. ಗಂಡನಿಗೆ ಕ್ರಿಕೆಟ್. ಮಗನಿಗೆ ರೀಲ್ಸ್. ಪಿಯುಸಿ ಓದುವ ಮಗಳಿಗೆ ಕೊರಿಯಾದ ಸೀರಿಯಲ್ ಹುಚ್ಚು. ನಾನು ಪಾತ್ರೆ ತೊಳೆಯುತ್ತಾ ನನ್ನ ಧಾರಾವಾಹಿ ನೋಡುತ್ತೇನೆ. ನಾವು ಚಿಕ್ಕವರಿದ್ದಾಗ ಎಲ್ಲರೂ ಒಂದೇ ಟಿವಿ ಮುಂದೆ ಕೂರುತ್ತಿದ್ದೆವು. ದಿನಕ್ಕೆ ಒಂದು ಗಂಟೆ ಮೊಬೈಲ್ ಬಂದ್ ಅಂತ ನಿಯಮ ಮಾಡಿದರೆ ಹೇಗೆ?"

ನಿಯಮ ಬೇಡ ಮಾರಾಯ್ರೇ. ಎರಡು ದಿನ ನಡೆಯುತ್ತದೆ. ಮೂರನೇ ದಿನ ಐಪಿಎಲ್ ಇರುತ್ತದೆ, ಮೊದಲು ಮುರಿಯುವವರು ನಿಮ್ಮ ಯಜಮಾನರೇ. ಆಮೇಲೆ ಮಕ್ಕಳಿಗೆ ಹೇಳಲು ನಿಮಗೆ ಬಾಯಿ ಎಲ್ಲಿರುತ್ತದೆ?

ಆ ಒಂದೇ ಟಿವಿಯ ಕಾಲದ ಬಗ್ಗೆ ನಿಮಗೆ ತುಂಬಾ ಪ್ರೀತಿ ಇದೆ. ನನಗೂ ಇದೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಉಡುಪಿ ಇನ್ನೂ ಜಿಲ್ಲೆ ಆಗಿರಲಿಲ್ಲ, ಅದು ಆದದ್ದು 1997ರಲ್ಲಿ. ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಗೆ ಅಕ್ಕಪಕ್ಕದವರೆಲ್ಲ ಬರುತ್ತಿದ್ದರು. ಮಾಡಿನ ಮೇಲೆ ಆಂಟೆನಾ ತಿರುಗಿಸುವವನೊಬ್ಬ, ಕೆಳಗೆ ನಿಂತು "ಬಂತು, ಬಂತು... ಹೋಯ್ತು" ಅನ್ನುವವನೊಬ್ಬ. ಚೆಂದವೇ. ಆದರೆ ಆಗ ನಿಮ್ಮ ಅಮ್ಮ ಎಲ್ಲಿದ್ದರು, ಸ್ವಲ್ಪ ನೆನಪು ಮಾಡಿ. ಹೆಚ್ಚಿನ ಮನೆಗಳಲ್ಲಿ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ಕಣ್ಣು ರಾಮನ ಮೇಲೆ, ಇನ್ನೊಂದು ಕಾವಲಿಯ ಮೇಲೆ. ಅರ್ಧ ಕಥೆ ಕಿವಿಯಲ್ಲೇ ಕೇಳಿದವರು ಅವರು. ಬೇರೆ ಚಾನೆಲ್ ಇರಲಿಲ್ಲ, ಹಾಗಾಗಿ ಎಲ್ಲರೂ ಒಟ್ಟಿಗೆ ಕೂತರು. 1994ರಲ್ಲಿ ಉದಯ ಟಿವಿ ಬಂತು, ಆಮೇಲೆ ಒಂದೊಂದಾಗಿ ಉಳಿದವು ಬಂದವು, ರಿಮೋಟಿಗಾಗಿ ಜಗಳವೂ ಬಂತು. ಅದನ್ನೆಲ್ಲ ಮರೆತು ಹಳೇ ದಿನಗಳಿಗೆ ಜಾಸ್ತಿ ಪುಣ್ಯ ಕಟ್ಟುವುದು ಬೇಡ.

ನಿಮ್ಮ ಮಾವನನ್ನೇ ಕೇಳಿ ನೋಡಿ. ಅವರ ಕಾಲದಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ಅಂದರೆ ಎಲ್ಲರೂ ರಾತ್ರಿಯಿಡೀ ನೋಡುತ್ತಿದ್ದರು ಅಂತಲ್ಲ. ಮಕ್ಕಳು "ಹಾಸ್ಯ ಬಂದರೆ ಎಬ್ಬಿಸಿ" ಎಂದು ಹೇಳಿ ಚಾಪೆಯ ಮೇಲೆ ಮಲಗುತ್ತಿದ್ದರು. ಗಂಡಸರು ಚರುಮುರಿ ಗಾಡಿಯ ಹತ್ತಿರ. ದೇವಿ ಮಹಾತ್ಮೆ ಆದರೆ, ಜನರ ಮಧ್ಯದಿಂದ ಬೆಂಕಿ ಹಿಡಿದುಕೊಂಡು ಮಹಿಷಾಸುರ ಅಬ್ಬರಿಸಿ ಬರುವಾಗ ಮಾತ್ರ ಎಲ್ಲರಿಗೂ ಎಚ್ಚರ! ಮಾತು ಶುರುವಾಗುತ್ತಿದ್ದದ್ದು ಮರುದಿನ. ಬಸ್ಸಿನಲ್ಲಿ, ಗದ್ದೆಯಲ್ಲಿ, ಗಂಜಿಗೆ ಕೂತಾಗ. ಭಾಗವತರ ಸ್ವರ ಹೇಗಿತ್ತು, ಯಾರ ಅರ್ಥಗಾರಿಕೆ, ಅಂದರೆ ಮಾತು, ಉದ್ದವಾಯಿತು, ಯಾರ ಪ್ರವೇಶ ಸಪ್ಪೆ. ಇಡೀ ರಾತ್ರಿ ನಿದ್ದೆ ಮಾಡಿದವನೂ ಅಭಿಪ್ರಾಯ ಹೇಳುತ್ತಿದ್ದ. ನಿಮ್ಮ ಮನೆಯಲ್ಲಿ ಈಗ ಇಲ್ಲದ್ದು ಈ ಪಟ್ಟಾಂಗ. ಬೇರೆ ಬೇರೆ ನೋಡಲಿ ಬಿಡಿ, ನೋಡಿದ್ದನ್ನು ಯಾರೂ ಯಾರಿಗೂ ಹೇಳುತ್ತಿಲ್ಲ ಅಲ್ವಾ?

2022ರಲ್ಲಿ 'ಕಾಂತಾರ' ಬಂದಾಗ ನಮ್ಮ ಕಡೆ ಆದದ್ದು ಅದೇ. ಎಷ್ಟೋ ವರ್ಷದಿಂದ ಥಿಯೇಟರ್ ಮೆಟ್ಟಿಲು ಹತ್ತದ ಅಜ್ಜಿಯರು ಮೊಮ್ಮಕ್ಕಳ ಜೊತೆ ಹೋದರು. ಸಿನಿಮಾ ಎರಡೂವರೆ ಗಂಟೆಯದ್ದು. ದೈವಕ್ಕೆ ನಡೆಯುವ ಕೋಲವನ್ನು ಹಾಗೆ ತೋರಿಸಬಹುದಾ, ನಮ್ಮ ಮನೆಯ ದೈವದ ಕಟ್ಟುಕಟ್ಟಳೆ ಬೇರೆ ಅಲ್ಲವಾ ಎನ್ನುವ ಚರ್ಚೆ ವಾರಗಟ್ಟಲೆ ನಡೆಯಿತು. ಕಾಲೇಜು ಹುಡುಗರು ಮೊದಲ ಸಲ ಅಜ್ಜಿಯ ಹತ್ತಿರ ಕೂತು ಪ್ರಶ್ನೆ ಕೇಳಿದರು.

ಈಗ ನಿಮ್ಮ ಮಗಳ ಕೊರಿಯಾಕ್ಕೆ ಬರೋಣ. ಅಲ್ಲಿಯೂ ಸೊಸೆಯನ್ನು ಗೋಳು ಹುಯ್ದುಕೊಳ್ಳುವ ಅತ್ತೆ ಇದ್ದಾಳೆ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ಕ್ರಮ ಇದೆ, ಅನ್ನ ಇದೆ. ಹೆಚ್ಚಿನ ಸೀರಿಯಲ್ಲುಗಳು ಹನ್ನೆರಡೋ ಹದಿನಾರೋ ಕಂತಿಗೆ ಮುಗಿಯುತ್ತವೆ, ಅದೊಂದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆ. ಕಿಮ್ಚಿ ಅಂದರೆ ಎಂತದ್ದು ಎಂದು ಅವಳನ್ನು ಸುಮ್ನೆ ಕೇಳಿ. ಚಳಿಗಾಲಕ್ಕೆ ಮುಂಚೆ ಮನೆಮಂದಿ, ನೆರೆಕರೆಯವರು ಸೇರಿ ಕ್ಯಾಬೇಜನ್ನು ಉಪ್ಪಿನಲ್ಲಿ ನೆನೆಸಿ, ಎಲೆ ಎಲೆಗೂ ಮೆಣಸಿನ ಮಸಾಲೆ ಹಚ್ಚಿ ಭರಣಿಗೆ ತುಂಬುತ್ತಾರೆ. ಆ ಕೆಲಸವನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು. ನೀವು ಮಳೆಗಾಲಕ್ಕೆ ಮುಂಚೆ ಹಲಸಿನಕಾಯಿ ಸೊಳೆ ಬಿಡಿಸಿ, ಉಪ್ಪು ಹಾಕಿ ಭರಣಿಗೆ ತುಂಬುತ್ತೀರಲ್ಲ, ಆ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈ ಅಂಟಾದರೆ ಮೊಬೈಲ್ ಮುಟ್ಟಲು ಆಗುವುದಿಲ್ಲ, ಕಥೆ ಹೇಳಲೇಬೇಕಾಗುತ್ತದೆ. ಎಣ್ಣೆ ಬಟ್ಟಲು ಮಾತ್ರ ಸ್ವಲ್ಪ ದೂರ ಇಡಿ.

ಮಗನ ಬಗ್ಗೆ ಚಿಂತೆ ಬೇಡ. ಅಷ್ಟಮಿ ಬಂದರೆ ಅವನ ರೀಲ್ಸ್ ತುಂಬಾ ಹುಲಿವೇಷವೇ ಇರುತ್ತದೆ, ಚಾವಡಿಯಲ್ಲಿ ಹುಲಿಕುಣಿತದ ತಾಸೆ ವಾದ್ಯ ಕೇಳಿದರೆ ಅಜ್ಜನೇ ಕತ್ತು ಉದ್ದ ಮಾಡಿ ನೋಡುತ್ತಾರೆ.

ಮಾವನ ಸೌಂಡಿನದ್ದು ನಿಜವಾದ ಸಮಸ್ಯೆ. ಇಯರ್‌ಫೋನ್ ಕೊಡಬೇಡಿ, ಚೆಂಡೆಯನ್ನು ಕಿವಿಯೊಳಗೆ ತುರುಕಿಕೊಂಡು ಕೇಳುವುದಕ್ಕೆ ಆಗುವುದಿಲ್ಲ. ಯಕ್ಷಗಾನ ಮೇಳಗಳಿಗಾದರೆ ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಗೆಜ್ಜೆ ಬಿಚ್ಚುವ ಕ್ರಮ ಇದೆ, ಮೇ ತಿಂಗಳ ಕೊನೆಗೆ ತಿರುಗಾಟ ಮುಗಿಯುತ್ತದೆ. ಮೊಬೈಲಿಗೆ ಪತ್ತನಾಜೆ ಇಲ್ಲ. ಮಗಳಿಗೆ ಪರೀಕ್ಷೆ ಇರುವ ತಿಂಗಳಲ್ಲಿ ರಾತ್ರಿಯ ಆಟವನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಿ ಎಂದು ಮೊಮ್ಮಗಳ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಬೇಜಾರು ಮಾಡಿಕೊಂಡಾರು, ಅವಳು ಹೇಳಿದರೆ ಇಲ್ಲ.

ಯಜಮಾನರ ವಿಷಯ ಬಿಟ್ಟುಹೋಯಿತು ಎಂದುಕೊಳ್ಳಬೇಡಿ. ಪಾತ್ರೆ ತೊಳೆಯುತ್ತಾ ಧಾರಾವಾಹಿ ನೋಡಲು ಆಗುತ್ತದೆ ಎಂದಾದರೆ ಮ್ಯಾಚ್ ನೋಡಲೂ ಆಗುತ್ತದೆ. ಓವರ್ ಮಧ್ಯೆ ಜಾಹೀರಾತು ಬೇರೆ ಬರುತ್ತದೆ, ಕುಕ್ಕರ್ ಉಜ್ಜಲು ಅಷ್ಟು ಹೊತ್ತು ಸಾಕು.

– ಸಂಪಾದಕ