ಯಾವುದನ್ನು ಎಷ್ಟು ಸಲ ಕೇಳಿದೆ ಎಂದು ಆ್ಯಪ್ ತೋರಿಸುವ ಎಣಿಕೆ ನೋಡಿ ವರ್ಷದ ಮೆಚ್ಚಿನ ಹತ್ತು ಆಲ್ಬಂ ಆರಿಸಿ, ಉಳಿದದ್ದನ್ನು ಫೋನಿನಿಂದ ತೆಗೆಯಬಹುದೇ?

ಬೇಡ್ರಿ. ಪಟ್ಟಿಯ ಮಾತು ಆಮೇಲೆ, ಮೊದಲು ಅಳಿಸುವುದನ್ನು ನಿಲ್ಲಿಸಿ. ಫೋನಿನಲ್ಲಿ ಜಾಗವಿಲ್ಲ, ಹೆಚ್ಚು ಸಲ ಕೇಳಿದ ಹತ್ತು ಆಲ್ಬಂ ಉಳಿಸಿಕೊಳ್ಳುತ್ತೇನೆ, ಅದೂ ಈ ವರ್ಷ ಬಿಡುಗಡೆಯಾದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇನೆ ಎಂದು ಬರೆದಿದ್ದೀರಿ. ಇದೇ ಕೆಲಸ ಮಾಡಿ ನಾನು ಪೂರಿಯಾ ರಾಗದ ಒಂದು ಗಾಯನ ಕಳೆದುಕೊಂಡಿದ್ದೇನೆ.

ಧಾರವಾಡ ಆಕಾಶವಾಣಿಯ ಸಂಜೆಯ ಪ್ರಸಾರದಿಂದ ಮನೆಯಲ್ಲೇ ಸಿ-90 ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದ ಗಾಯನ ಅದು. ಸಿ-90 ಅಂದರೆ ಒಂದು ಬದಿಗೆ 45 ನಿಮಿಷ; ಅದರಲ್ಲಿ 43 ನಿಮಿಷ ಈ ಪೂರಿಯಾ. ರೆಕಾರ್ಡ್ ಗುಂಡಿ ಒತ್ತುವ ಹೊತ್ತಿಗೆ ಕಲಾವಿದರ ಹೆಸರು ಹೇಳಿ ಮುಗಿದಿತ್ತು, ಹಾಗಾಗಿ ಹಾಡಿದವರು ಯಾರೆಂದು ಗೊತ್ತಿಲ್ಲ. ಟೇಪಿಗೆ ಬೂಸ್ಟು ಹಿಡಿದು, ಹೆಡ್ಡಿಗೆ ಅಂಟತೊಡಗಿದ ಮೇಲೆ ಅದನ್ನು ಕಂಪ್ಯೂಟರಿಗೆ ಇಳಿಸಿ, ಫೋನಿನ ಮೆಮೊರಿ ಕಾರ್ಡಿಗೆ ಹಾಕಿಕೊಂಡೆ. ಬೇರೆಲ್ಲೂ ನಕಲು ಇಟ್ಟಿರಲಿಲ್ಲ.

ವಾರಕ್ಕೆ ಎರಡು ಸಲ, ಹತ್ತು ವಾರ, ಧಾರವಾಡದ ಜುಬಿಲಿ ಸರ್ಕಲ್ಲಿನಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಅದನ್ನು ಕೇಳಿದೆ. ಬಸ್ಸು ಹತ್ತಿ ಇಳಿಯುವವರೆಗೆ 38 ನಿಮಿಷ, ಗಾಯನ 43 ನಿಮಿಷ. ಉಣಕಲ್ ಕೆರೆ ದಾಟುವಾಗ ಕೊನೆಯ ವೇಗದ ಭಾಗ, ದ್ರುತ್ ತೀನತಾಲ, ನಡೆದಿರುತ್ತಿತ್ತು, ತಾನಗಳು ರಂಗೇರುವಷ್ಟರಲ್ಲಿ ನಿಲ್ದಾಣ ಬಂದುಬಿಡುತ್ತಿತ್ತು. ನಿಲ್ಲಿಸುತ್ತಿದ್ದೆ. ಮರುಸಲ ಮತ್ತೆ ಮೊದಲಿನಿಂದ ಹಚ್ಚುತ್ತಿದ್ದೆ, ಯಾಕೆಂದರೆ ಮೊದಲಿನ ನಿಧಾನದ ಆಲಾಪ ಬಿಟ್ಟು ನಡುವಿನಿಂದ ಕೇಳುವುದು ನನಗೆ ಆಗದ ಮಾತು.

ಡಿಸೆಂಬರಿನಲ್ಲಿ ಕಾರ್ಡು ತುಂಬಿತು. ಎಣಿಕೆಯ ಪ್ರಕಾರ ವಿಂಗಡಿಸಿ, ಸೊನ್ನೆ ಇದ್ದದ್ದನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸಿದೆ. ಪೂರಿಯಾದ ಮುಂದೆ ಇದ್ದದ್ದು ಸೊನ್ನೆ.

ಅದು ಹೇಗೆ ಸೊನ್ನೆಯಾಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಿಮ್ಮ ಫೋನಿನಲ್ಲೂ ಇದೇ ನಡೆದಿರಬಹುದು. ‘ಒಂದು ಸಲ ಕೇಳಿದ್ದು’ ಎಂದರೆ ಏನು ಎಂಬುದಕ್ಕೆ ಒಂದೊಂದು ಕಡೆ ಒಂದೊಂದು ಅಳತೆ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ಕೇಳಿದ್ದರ ದಾಖಲೆ ಇಡುವ ಲಾಸ್ಟ್ ಎಫ್ಎಂನಲ್ಲಿ ಹಾಡಿನ ಅರ್ಧ ಆಗಬೇಕು, ಇಲ್ಲವೇ 4 ನಿಮಿಷ ಆಗಬೇಕು, ಎರಡರಲ್ಲಿ ಯಾವುದು ಮೊದಲೋ ಅದು. ಐಟ್ಯೂನ್ಸ್ ರೀತಿಯ ಪ್ಲೇಯರುಗಳಲ್ಲಿ ಟ್ರ್ಯಾಕು ಕೊನೆ ಮುಟ್ಟಿದರೆ ಮಾತ್ರ ಅಂಕಿ ಏರುತ್ತದೆ. ಕೊನೆಯ ಒಂದು ನಿಮಿಷ ಬಾಕಿ ಇರುವಾಗ ಬೇರೆ ಹಾಡಿಗೆ ಹೋದರೂ ಆ ಕೇಳಿಕೆ ಲೆಕ್ಕಕ್ಕಿಲ್ಲ. ನನ್ನ ಪ್ಲೇಯರು ಈ ಕೊನೆಯ ಜಾತಿಯದು. 20 ಸಲ, ಸಲಕ್ಕೆ 38 ನಿಮಿಷ, ಒಟ್ಟು 760 ನಿಮಿಷ. ಅಂದರೆ 12 ತಾಸು 40 ನಿಮಿಷ ನಾನು ಆ ಪೂರಿಯಾದೊಳಗೆ ಇದ್ದೆ. ಅದೇ ಕಾರ್ಡಿನಲ್ಲಿದ್ದ ಮೂರೂವರೆ ನಿಮಿಷದ ಒಂದು ಭಾವಗೀತೆಯ ಮುಂದೆ 60 ಎಂದಿತ್ತು. ಅದರ ಹೊತ್ತು ಗುಣಿಸಿದರೆ 210 ನಿಮಿಷ. ಹೊತ್ತಿನ ಲೆಕ್ಕದಲ್ಲಿ ಪೂರಿಯಾ ಮೂರು ಪಟ್ಟಿಗೂ ಹೆಚ್ಚು. ಅಂಕಿಯಲ್ಲಿ ಮಾತ್ರ ಸೊನ್ನೆ.

ಮೂವತ್ತು ಸೆಕೆಂಡಿನ ಅಳತೆಯೂ ಖ್ಯಾಲಿಗೆ, ಅಂದರೆ ಹಿಂದೂಸ್ತಾನಿಯ ಇಂಥ ಉದ್ದನೆಯ ಗಾಯನಕ್ಕೆ, ನ್ಯಾಯ ಕೊಡುವುದಿಲ್ಲ. ನಿಧಾನ ಲಯದ ಒಂದು ತಾಸಿನ ವಿಲಂಬಿತ ಒಂದೇ ಎಣಿಕೆ, ಅದೇ ತಾಸಿನಲ್ಲಿ ಕೇಳಿದ ಸಿನಿಮಾ ಹಾಡು ಹದಿನೈದು ಎಣಿಕೆ. ಇನ್ನು ಆಲ್ಬಂ ಮುಗಿದ ಮೇಲೆ ತಾನಾಗಿ ‘ಇಂಥದೇ’ ಹಾಡು ಹಚ್ಚುವ ಆಟೋಪ್ಲೇ ತೆರೆದಿದ್ದರೆ, ನೀವು ನಿದ್ದೆಹೋದ ಮೇಲೆ ಓಡಿದ್ದೂ ನಿಮ್ಮ ಮೆಚ್ಚುಗೆಯೆಂದೇ ದಾಖಲಾಗುತ್ತದೆ.

ಎಣಿಕೆಯ ಜೊತೆಗೆ ಗಾತ್ರವೂ ದಾರಿ ತಪ್ಪಿಸುತ್ತದೆ. ಸಿಡಿ ಗುಣಮಟ್ಟದ ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ, ಗುಣಮಟ್ಟ ಕೆಡದಂತೆ ಕುಗ್ಗಿಸಿದ ಫ್ಲ್ಯಾಕ್ ಸುಮಾರು ಅದರರ್ಧ, 320 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ 2.4 ಎಂಬಿ. 43 ನಿಮಿಷದ ಫ್ಲ್ಯಾಕ್ ಎಂದರೆ ಹತ್ತಿರ ಹತ್ತಿರ 215 ಎಂಬಿ. ಜಾಗ ಬೇಕೆಂದು ದೊಡ್ಡ ಕಡತ ಮೊದಲು ಹುಡುಕುವವರ ಕಣ್ಣಿಗೆ ಬೀಳುವುದೇ ಈ ಉದ್ದನೆಯ ರಾಗಗಳು. ಜಾಗ ನಿಜವಾಗಿಯೂ ಬೇಕಾದರೆ ಫ್ಲ್ಯಾಕನ್ನು ಎರಡು ಕಡೆ, ಕಂಪ್ಯೂಟರಿನಲ್ಲೊಂದು ಮತ್ತು ಹೊರಗಿನ ಡಿಸ್ಕಿನಲ್ಲೊಂದು ಇಟ್ಟು, ಎರಡೂ ತೆರೆದು ಕೊನೆಯ ನಿಮಿಷ ಕೇಳಿ ನೋಡಿ. ಆಮೇಲೆ ಫೋನಿಗೆ ಎಂಪಿ3 ಮಾಡಿಕೊಳ್ಳಿ. ಕೊನೆಯ ನಿಮಿಷವನ್ನೇ ಯಾಕೆ ಕೇಳಬೇಕೆಂದರೆ, ನಕಲು ಅರ್ಧಕ್ಕೆ ನಿಂತ ಕಡತವೂ ಮೊದಲಲ್ಲಿ ಸರಿಯಾಗಿಯೇ ಹಾಡುತ್ತದೆ. 64 ಜಿಬಿ ಕಾರ್ಡಿನಲ್ಲಿ ಫ್ಲ್ಯಾಕೇ 200 ತಾಸು ಹಿಡಿಯುತ್ತದೆ. ಬಹಳಷ್ಟು ಸಲ ಜಾಗ ತಿಂದಿರುವುದು ಸಂಗೀತವಲ್ಲ, ವಿಡಿಯೊ.

ಕ್ಯಾಸೆಟ್ಟು ಕೆಟ್ಟರೂ ಎಸೆಯಬೇಡಿ. ಐದು ತಿರುಪಿನ ಡಬ್ಬಿಯಾದರೆ ಬಿಚ್ಚಿ, ಟೇಪನ್ನು ಬೇರೆ ಒಳ್ಳೆಯ ಡಬ್ಬಿಗೆ ದಾಟಿಸಬಹುದು. ನಾನು ಎಸೆದಿದ್ದೆ.

ಇನ್ನು ‘ಈ ವರ್ಷ ಬಿಡುಗಡೆಯಾದದ್ದು’ ಎಂಬ ನಿಮ್ಮ ಷರತ್ತು. ಇದನ್ನು ನಾನು ಒಪ್ಪುವುದೇ ಇಲ್ಲ. ನಮ್ಮ ಕಡೆಯ ಸಂಗೀತಕ್ಕೆ ಅದು ಹೊಂದುವುದಿಲ್ಲ. ಹಳೆಯ ಧ್ವನಿಮುದ್ರಣಗಳ ಪಕ್ಕದಲ್ಲಿ ಆ್ಯಪ್ ತೋರಿಸುವ ಇಸವಿ ಬಹಳ ಸಲ ಡಿಜಿಟಲ್ ಪ್ರತಿ ಹೊರಬಂದದ್ದು, ಹಾಡಿದ್ದಲ್ಲ. 1992ರಲ್ಲಿ ತೀರಿಕೊಂಡ ಮಲ್ಲಿಕಾರ್ಜುನ ಮನಸೂರರ ಹೆಸರಿನ ಮುಂದೆ 2000ದ ಆಚೆಗಿನ ಇಸವಿ ಕಂಡರೆ ಅರ್ಥ ಮಾಡಿಕೊಳ್ಳಿ. ಅಷ್ಟೇ ಅಲ್ಲ, ಒಂದೇ ಗಾಯನ ಮೂರು ಬೇರೆ ಮುಖಪುಟಗಳಲ್ಲಿ ಮೂರು ‘ಆಲ್ಬಂ’ ಆಗಿರುತ್ತದೆ. ಪತ್ತೆ ಮಾಡುವುದು ಸುಲಭ: ರಾಗ, ಬಂದಿಶಿನ (ರಾಗದಲ್ಲಿ ಕಟ್ಟಿದ ಹಾಡಿನ) ಮೊದಲ ಸಾಲು, ಉದ್ದ ಸೆಕೆಂಡಿನ ಮಟ್ಟಿಗೆ. ಮೂರೂ ಕೂಡಿದರೆ ಬಹುಪಾಲು ಅದೇ ಗಾಯನ. ಒಂದೆರಡು ಸೆಕೆಂಡಿನ ಫರಕು ಮೊದಲ ತಂಬೂರಿ ಕತ್ತರಿಸಿದ್ದರಿಂದ ಬರುತ್ತದೆ. ಫರಕು ನಿಮಿಷಗಳಷ್ಟಿದ್ದು ಷಡ್ಜವೂ (ಆಧಾರ ಸ್ವರ ‘ಸ’) ಏರಿದ್ದರೆ ಟೇಪಿನ ವೇಗ ತಪ್ಪಿದೆ. ವೇಗ ಸುಮಾರು 6% ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ.

ಉದ್ದ ನೋಡಿದರೆ ಕಾಲವೂ ತಿಳಿಯುತ್ತದೆ. ಮೂರು ಮೂರೂವರೆ ನಿಮಿಷಕ್ಕೆ ರಾಗ ಮುಗಿದಿದ್ದರೆ ಮೂಲ 78 ಆರ್‌ಪಿಎಂ ತಟ್ಟೆ, 20ರಿಂದ 25 ನಿಮಿಷವಾದರೆ ಎಲ್‌ಪಿಯ ಒಂದು ಬದಿ ಎಂದು ಊಹಿಸಬಹುದು. ಗಂಗೂಬಾಯಿ ಹಾನಗಲ್ಲರ ಮೊದಲ ಕಾಲದ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವರ ಹೆಸರಿನಿಂದಷ್ಟೇ ಹುಡುಕಿದರೆ ಅವು ತಪ್ಪಿಹೋಗಬಹುದು. ಆ ಎಳೆಯ ಕಂಠವನ್ನೂ, ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ ಗಂಭೀರ ಕಂಠವನ್ನೂ ಒಂದೇ ವಾರದಲ್ಲಿ ಕೇಳಿ ನೋಡಿ. ನೀವು ಮೊದಲ ಸಲ ಕೇಳಿದ್ದು ಈ ವರ್ಷವಾದರೆ ಅದು ಈ ವರ್ಷದ್ದೇ. ಪಟ್ಟಿ ಕೇಳಿದವರದು, ಕಂಪನಿಯದಲ್ಲ.

ಪಟ್ಟಿಗೆ ಬೇಕಾದದ್ದು 200 ಪುಟದ ಒಂದು ನೋಟುಬುಕ್ಕು. ಒಂದು ಆಲ್ಬಮ್ಮಿಗೆ ಒಂದು ಪುಟ: ತಾರೀಖು, ಹಾಡಿದವರು, ರಾಗ, ತಾಲ, ಬಂದಿಶಿನ ಮೊದಲ ಸಾಲು, ತಬಲಾ ಮತ್ತು ಹಾರ್ಮೋನಿಯಂ ಯಾರದು, ಉದ್ದ, ಎಲ್ಲಿಂದ ಸಿಕ್ಕಿತು. ಇವುಗಳ ಕೆಳಗೆ, ಎಲ್ಲಕ್ಕಿಂತ ಮುಖ್ಯವಾದದ್ದು: ಎಷ್ಟನೇ ನಿಮಿಷಕ್ಕೆ ನಿಲ್ಲಿಸಿದೆ, ಯಾಕೆ. ‘ಬೇಸರ ಬಂತು’ ಎಂಬುದಕ್ಕೂ ‘ಸ್ಟಾಪ್ ಬಂತು’ ಎಂಬುದಕ್ಕೂ ಅಜಗಜಾಂತರ, ಆ ಅಂತರ ಯಾವ ಆ್ಯಪಿಗೂ ತಿಳಿಯುವುದಿಲ್ಲ. ಕನಿಷ್ಠ ವಾರದ ಅಂತರ ಬಿಟ್ಟು ಮೂರು ಸಲ ಪೂರ್ತಿ ಕೇಳಿದ್ದಷ್ಟೇ ಪಟ್ಟಿಗೆ ಬರಲಿ. ಅದರಲ್ಲಿ ಒಂದು ಸಲವಾದರೂ ಮನೆಯಲ್ಲಿ, ಬಾಗಿಲು ಹಾಕಿಕೊಂಡು. ಪೂರಿಯಾದಂಥ ರಾಗದ ಜೀವ ಮಂದ್ರ ಸಪ್ತಕದಲ್ಲಿ, ಅಂದರೆ ತಗ್ಗಿನ ಸ್ವರಗಳಲ್ಲಿ ಇರುತ್ತದೆ, ಬಸ್ಸಿನ ಗುಡುಗುಡು ಮೊದಲು ನುಂಗುವುದು ಅದನ್ನೇ. ಶಫಲ್, ಕ್ರಾಸ್‌ಫೇಡ್, ಆಟೋಪ್ಲೇ ಮೂರೂ ಬಂದ್ ಮಾಡಿ. ಕ್ರಾಸ್‌ಫೇಡ್ ಇದ್ದರೆ ಮುಂದಿನ ರಾಗದ ತಂಬೂರಿ ಹಿಂದಿನ ರಾಗವನ್ನು ಮುಗಿಸುವ ತಿಹಾಯಿಯ ಮೇಲೆ ಏರಿ ಕೂಡುತ್ತದೆ. ಹತ್ತೇ ಬೇಕೆಂದು ಹಟ ಬೇಡ. ನಾಲ್ಕು ಉಳಿದರೆ ನಾಲ್ಕೇ ಬರೆಯಿರಿ, ಒಂದು ಎರಡು ಎಂದು ಅಂಕಿ ಕೊಡಬೇಡಿ.

ಇದನ್ನು ಓದುವ ಹುಬ್ಬಳ್ಳಿ, ಧಾರವಾಡ, ಗದಗ ಕಡೆಯವರಲ್ಲಿ ಒಂದು ಕೇಳಿಕೆ. ಗಂಡು ಕಂಠದ ಪೂರಿಯಾ, ವಿಲಂಬಿತ ಏಕತಾಲ, ಸುಮಾರು 31ನೇ ನಿಮಿಷಕ್ಕೆ ದ್ರುತ್ ತೀನತಾಲ, ಜೊತೆಗೆ ಹಾರ್ಮೋನಿಯಂ, ಸಾರಂಗಿ ಇಲ್ಲ. ವಿಲಂಬಿತದ ಬಂದಿಶು ಎಲ್ಲರೂ ಹಾಡುವಂಥದ್ದೇ, ಅದರಿಂದ ಗುರುತು ಹತ್ತುವುದಿಲ್ಲ. ಆರನೇ ನಿಮಿಷದ ಸುಮಾರಿಗೆ ಹಾಡುವವರು ಒಮ್ಮೆ ಮೆಲ್ಲಗೆ ಕೆಮ್ಮಿ, ಅದೇ ಮಂದ್ರ ನಿಷಾದವನ್ನು ಮತ್ತೆ ಹಿಡಿಯುತ್ತಾರೆ. ನಿಮ್ಮ ಮನೆಯ ಅಟ್ಟದ ಮೇಲೆ ಆಕಾಶವಾಣಿಯಿಂದ ಹಿಡಿದ ಕ್ಯಾಸೆಟ್ಟುಗಳಿದ್ದು, ಒಂದರಲ್ಲಿ ಆ ಕೆಮ್ಮು ಕೇಳಿಸಿದರೆ ಇದೇ ಉತ್ತರದ ಕೆಳಗೆ ಬರೆಯಿರಿ. ಕೊನೆಯ ಐದು ನಿಮಿಷ ನಾನಿನ್ನೂ ಕೇಳಿಲ್ಲ.