ಗುಡ್ಡೆಯ ಕೇಪಳ ಅಂಗಳದಲ್ಲಿ ಬೇರೂರಬೇಕಾದರೆ

ಪ್ರಶ್ನೆ: ನಮ್ಮ ಮನೆ ಮೂಲ್ಕಿಯ ಬಳಿ, ಕಡಲಿಗೆ ಸಮೀಪದಲ್ಲಿದೆ. ಗುಡ್ಡೆಯಿಂದ ಕಿತ್ತು ತಂದು ನೆಟ್ಟ ಎರಡು ಕೇಪಳದ (ಗೊಂಚಲಾಗಿ ಕೆಂಪು ಹೂ ಬಿಡುವ ಪೊದೆ, ಇಕ್ಸೋರಾ) ಗಿಡಗಳು ತಿಂಗಳೊಳಗೆ ಒಣಗಿದವು. ನರ್ಸರಿಯಿಂದ ತಂದ ಇನ್ನೊಂದು ಗಿಡ ಆವರಣಗೋಡೆಯ ಬುಡದಲ್ಲಿ ಬದುಕಿದೆಯಾದರೂ ಎಲೆಗಳು ಹಳದಿಯಾಗಿವೆ. ಏನು ಮಾಡಬೇಕು?

ಉತ್ತರ: ದಯವಿಟ್ಟು ಗುಡ್ಡೆಯ ಗಿಡವನ್ನು ಇನ್ನು ಕೀಳಬೇಡಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಂದಿನಲ್ಲಿ ಆಳಕ್ಕಿಳಿದ ಬೇರು ಕೀಳುವಾಗಲೇ ತುಂಡಾಗುವುದರಿಂದ ಅಂಥ ಗಿಡ ಉಳಿಯುವುದು ಅಪರೂಪ, ಗುಡ್ಡೆಯೂ ಬರಿದಾಗುತ್ತದೆ. ಅದರ ಬದಲು ಮಳೆಗಾಲ ಹಿಡಿದ ಮೇಲೆ ಅದೇ ಗಿಡದಿಂದ ನಾಲ್ಕೈದು ಗೆಲ್ಲುಗಳನ್ನಷ್ಟೇ ತನ್ನಿ. ತುದಿಯ ಎಳೆ ಚಿಗುರೂ ಬೇಡ, ಬೂದುಬಣ್ಣಕ್ಕೆ ತಿರುಗಿದ ಹಳೆಯ ಕಟ್ಟಿಗೆಯೂ ಬೇಡ. ಬಗ್ಗಿಸಿದರೆ ತುಸು ಬಿಗಿಯೆನಿಸುವ, ಮೂರು ಗೆಣ್ಣುಗಳಿರುವ, ಸುಮಾರು 10ರಿಂದ 15 ಸೆಂಟಿಮೀಟರ್ ಉದ್ದದ ತುಂಡು ಸಾಕು. ಕೆಳಗಿನ ಗೆಣ್ಣಿನ ಬುಡಕ್ಕೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಉಳಿಸಿಕೊಂಡು, ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ (ಚೀಲದಲ್ಲಿ) ಊರಿ, ಜಡಿಮಳೆ ನೇರವಾಗಿ ಬೀಳದ ನೆರಳಿನಲ್ಲಿಡಿ. ಮರಳು ಕಡಲತೀರದ್ದಾಗಿರಬಾರದು, ಅದರಲ್ಲಿ ಉಪ್ಪಿರುತ್ತದೆ. ಬೇರು ಬರಲು ಒಂದೂವರೆ, ಎರಡು ತಿಂಗಳು ಬೇಕು. ನಡುವೆ ಎಳೆದು ನೋಡುವ ಆತುರವೇ ಅನೇಕ ತುಂಡುಗಳನ್ನು ಕೊಲ್ಲುತ್ತದೆ.

ಬೀಜದಿಂದಲೂ ಗಿಡವಾಗುತ್ತದೆ. ಕೇಪಳ ಕಾಫಿಯ ಕುಟುಂಬಕ್ಕೆ ಸೇರಿದ್ದು. ಚೆನ್ನಾಗಿ ಕಳಿತ ಹಣ್ಣನ್ನು ಹಿಚುಕಿದರೆ ಕಾಫಿಯಲ್ಲಿರುವಂತೆ ಜೋಡಿ ಬೀಜಗಳು ಸಿಗುತ್ತವೆ. ತಿರುಳನ್ನು ತೊಳೆದು ಕೂಡಲೇ ಬಿತ್ತಬೇಕು. ಆದರೆ ಹೂವಿಗಾಗಿ ಕೆಲವು ವರ್ಷ ಕಾಯಬೇಕಾಗುತ್ತದೆ.

ಇನ್ನು ಹಳದಿ ಎಲೆಯ ವಿಚಾರ. ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣಾಂಶದ ಕೊರತೆ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಆದರೆ ಗೋಡೆಯ ಸಿಮೆಂಟಿನಿಂದ ಮಳೆನೀರಿನೊಡನೆ ಸುಣ್ಣ ಇಳಿದು ಮಣ್ಣಿನ ಹುಳಿಗುಣ ಕಡಿಮೆಯಾದಾಗ ಬೇರಿಗೆ ಅದನ್ನು ಹೀರಲು ಆಗುವುದಿಲ್ಲ. ಹೀಗಾಗಿ ಗೊಬ್ಬರ ಸುರಿಯುವುದಕ್ಕಿಂತ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಗೋಡೆಯಿಂದ ಒಂದು ಮೀಟರಿನಷ್ಟಾದರೂ ಆಚೆಗೆ ಬದಲಿಸಿ, ಬುಡಕ್ಕೆ ತರಗೆಲೆ ಹೊದಿಸುವುದು ಮೇಲು. ಬೂದಿಯನ್ನಂತೂ ಹಾಕಲೇಬೇಡಿ. ಸಮುದ್ರದ ಉಪ್ಪುಗಾಳಿ ನೇರವಾಗಿ ಬಡಿಯದಂತೆ ಮನೆಯ ಮರೆಯಲ್ಲಿ, ಆದರೆ ಬಿಸಿಲು ಬೀಳುವಲ್ಲಿ ಜಾಗ ಆರಿಸಿ. ಹೂವು ಗೆಲ್ಲಿನ ತುದಿಯಲ್ಲೇ ಬಿಡುವುದರಿಂದ ಒಂದು ಸುತ್ತಿನ ಹೂವು ಮುಗಿದ ಬಳಿಕವೇ ಸವರಬೇಕು.