ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶವನ್ನು ಕಂಪನಿಯೊಂದು ತಿದ್ದಿ, ತನ್ನದೆಂದು ಮುಚ್ಚಿಟ್ಟುಕೊಳ್ಳಬಹುದೇ?

ಅದು ಪರವಾನಗಿಯನ್ನು ಅವಲಂಬಿಸಿದೆ. ಎಂಐಟಿ, ಬಿಎಸ್‌ಡಿಯಂತಹ ಸಡಿಲ ಪರವಾನಗಿಯಾದರೆ ಮುಚ್ಚಿಡಬಹುದು. ಮೂಲ ಲೇಖಕರ ಹೆಸರು ಮತ್ತು ಪರವಾನಗಿಯ ಪಠ್ಯವನ್ನು ಉಳಿಸಿಕೊಂಡರೆ ಸಾಕು. ಜಿಪಿಎಲ್ ಎಂಬ ಪರವಾನಗಿಯಾದರೆ, ತಿದ್ದಿದ್ದನ್ನು ಮುಚ್ಚಿಟ್ಟು ಹಂಚುವಂತಿಲ್ಲ.

ಇದರ ಹಿಂದಿನ ಉಪಾಯ ನನಗೆ ಬಹಳ ಇಷ್ಟ. ಲೇಖಕರು ಕೃತಿಸ್ವಾಮ್ಯವನ್ನು ಪೂರ್ತಿ ಬಿಟ್ಟುಕೊಟ್ಟರೆ ಯಾರು ಬೇಕಾದರೂ ಕೃತಿಯನ್ನು ಬದಲಿಸಿ ಬೀಗ ಜಡಿಯಬಹುದು. ಆದ್ದರಿಂದ ಮುಕ್ತ ತಂತ್ರಾಂಶ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಪ್ರಕಟಿಸಿದ ಜಿಪಿಎಲ್ ಆ ಹಕ್ಕನ್ನು ಬಿಡದೆ, ಅದನ್ನೇ ಕಾವಲಿಗೆ ನಿಲ್ಲಿಸುತ್ತದೆ. ಬಳಸಿ, ತಿದ್ದಿ, ಹಂಚಿ, ಬೇಕಿದ್ದರೆ ಮಾರಿ. ಆದರೆ ಹಂಚುವಾಗ ಮೂಲ ಸಂಕೇತವನ್ನೂ, ಅಂದರೆ ಮನುಷ್ಯರು ಓದಿ ತಿದ್ದಬಲ್ಲ ರೂಪವನ್ನೂ, ಅದೇ ಷರತ್ತಿನಡಿ ಕೊಡಬೇಕು. ಷರತ್ತು ಮುರಿದರೆ ಅನುಮತಿ ಹೋಯಿತು. ಅನುಮತಿಯಿಲ್ಲದೆ ಹಂಚಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. ಈ ವಿಧಾನಕ್ಕೆ ‘ಕಾಪಿಲೆಫ್ಟ್’ ಎಂದು ಹೆಸರು.

ಇದು ಬರೀ ಕಾಗದದ ಮಾತಲ್ಲ. ಲಿಂಕ್‌ಸಿಸ್ ಕಂಪನಿಯ ಒಂದು ವೈ-ಫೈ ರೂಟರ್‌ನಲ್ಲಿ ಜಿಪಿಎಲ್ ಅಡಿ ಬರುವ ಲಿನಕ್ಸ್ ತಂತ್ರಾಂಶ ಇರುವುದು ಪತ್ತೆಯಾದಾಗ, ಒತ್ತಾಯಕ್ಕೆ ಮಣಿದು 2003ರಲ್ಲಿ ಅದರ ಮೂಲ ಸಂಕೇತವನ್ನು ಬಿಡುಗಡೆ ಮಾಡಲಾಯಿತು. ಇಂದು ಅನೇಕ ಕಂಪನಿಗಳ ರೂಟರ್‌ಗಳಲ್ಲಿ ಓಡುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹುಟ್ಟಿದ್ದು ಅದರಿಂದಲೇ.

ಒಂದು ಸಂದಿ ಮಾತ್ರ ಇದೆ. ಷರತ್ತು ಅನ್ವಯಿಸುವುದು ಹಂಚಿದಾಗ. ತಿದ್ದಿದ ತಂತ್ರಾಂಶವನ್ನು ಕಂಪನಿಯು ತನ್ನದೇ ಸರ್ವರ್‌ನಲ್ಲಿ ಓಡಿಸಿ, ಸೇವೆಯನ್ನಷ್ಟೇ ಜನರಿಗೆ ಕೊಟ್ಟರೆ ಸಂಕೇತವನ್ನು ಕೊಡಬೇಕಿಲ್ಲ. ಆ ಸಂದಿಯನ್ನೂ ಮುಚ್ಚಬೇಕೆನ್ನುವ ಲೇಖಕರು ಎಜಿಪಿಎಲ್ ಎಂಬ ಪರವಾನಗಿಯನ್ನು ಆರಿಸಿಕೊಳ್ಳುತ್ತಾರೆ.